ಚಿತ್ರಪುಸ್ತಕ ಬರೆದವರಿಗೆ ಏಜೆಂಟ್ ಬೇಕೆ?



ಮಕ್ಕಳ ಸಾಹಿತ್ಯವನ್ನು ಕುರಿತ ನಮ್ಮ ಮಾತುಕತೆ ಕಾರ್ಯಕ್ರಮ ಮುಗಿಯಲು ಇನ್ನು ಎರಡೇ ನಿಮಿಷ ಉಳಿದಿದ್ದಾಗ ಒಂದು ಫೋನ್ ಕರೆ ಬಂತು. ಮಾತನಾಡಿದವಳು ತಾಲ್ಲೂಕು ಕೇಂದ್ರವೊಂದರ ಕಾಲೇಜಿನಲ್ಲಿ ಎರಡನೆಯ ವರ್ಷದ ಬಿ.ಎಸ್ಸಿ. ಓದುತ್ತಿರುವ ವಿದ್ಯಾರ್ಥಿನಿ.

"ಸರ್, ನಾನು ಚಿಕ್ಕ ಮಕ್ಕಳಿಗೆ ಒಂದು ಚಿತ್ರಪುಸ್ತಕದ ಕಥೆ ಬರೆದಿದ್ದೀನಿ. ನೀರಿನ ಟ್ಯಾಂಕಿನೊಳಗೆ ಸಿಕ್ಕಿಕೊಂಡ ಕಪ್ಪೆಯ ಕಥೆ. ಒಬ್ಬರು ತಾವು ಲಿಟರರಿ ಏಜೆಂಟ್, ವಿದೇಶದಲ್ಲೇ ಪುಸ್ತಕ ತರಿಸ್ತೀವಿ, ಮೊದಲು ಹದಿನೆಂಟು ಸಾವಿರ ಕಳಿಸಿ ಅಂತಿದ್ದಾರೆ. ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತಗೊಂಡು ಕೊಡ್ತೀನಿ ಅಂತಾರೆ. ಕೊಡಬಹುದಾ ಸರ್?"

ಸ್ಟುಡಿಯೋದಲ್ಲಿದ್ದ ಅತಿಥಿಗಳು "ಕೊಡಬೇಡಮ್ಮ" ಎಂದರು. ಅಷ್ಟರಲ್ಲಿ ಸಮಯ ಮುಗಿದು ಶೀರ್ಷಿಕೆ ಸಂಗೀತ ಬಂದುಬಿಟ್ಟಿತು. ಕಂಟ್ರೋಲ್ ರೂಮಿನಲ್ಲಿ ಕುಳಿತಿದ್ದ ನನಗೆ ಆ ಸಂಜೆಯೆಲ್ಲಾ ಸಮಾಧಾನವಿರಲಿಲ್ಲ. ಕೊಡಬೇಡ ಎಂದದ್ದು ಸರಿಯೇ. ಆದರೆ ಏಕೆ ಕೊಡಬಾರದು, ಕೊಡದಿದ್ದರೆ ಮುಂದೇನು ಮಾಡಬೇಕು ಎಂಬ ಮಾತು ಉಳಿದೇ ಹೋಯಿತು. ಆ ಉಳಿದ ಉತ್ತರವೇ ಈ ಲೇಖನ.

ಏಜೆಂಟ್ ಎಂದರೆ ಯಾರು?

ನಿಮ್ಮ ಊರಿನ ಎಪಿಎಂಸಿ ಯಾರ್ಡಿನ ಮಂಡಿಯನ್ನು ನೆನಪಿಸಿಕೊಳ್ಳಿ. ರೈತ ಬೆಳೆದ ಅಡಿಕೆಯನ್ನೋ ಮೆಣಸಿನಕಾಯಿಯನ್ನೋ ಖರೀದಿದಾರರಿಗೆ ತೋರಿಸಿ, ಬೆಲೆ ಕುದುರಿಸಿ, ಹಣ ಕೈಸೇರುವಂತೆ ಮಾಡುವವನು ದಲ್ಲಾಳಿ. ಮಾಲು ಮಾರಾಟವಾದರೆ ಮಾತ್ರ ಅವನಿಗೆ ಕಮಿಷನ್ ಹುಟ್ಟುತ್ತದೆ. ಲಿಟರರಿ ಏಜೆಂಟ್ ಮಾಡುವುದೂ ಇದೇ ಬಗೆಯ ಕೆಲಸ. ವ್ಯತ್ಯಾಸವೆಂದರೆ ಆತ ಮಾರುವುದು ಪುಸ್ತಕವನ್ನಲ್ಲ, ಪುಸ್ತಕವನ್ನು ಮುದ್ರಿಸುವ ಹಕ್ಕನ್ನು.

ಈ ವೃತ್ತಿ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಲಂಡನ್ನಿನಲ್ಲಿ. ಸ್ಕಾಟ್ಲೆಂಡಿನ ಎ. ಪಿ. ವಾಟ್ ಎಂಬವರನ್ನು ಸಾಮಾನ್ಯವಾಗಿ ಮೊದಲ ಲಿಟರರಿ ಏಜೆಂಟ್ ಎಂದು ಹೆಸರಿಸುತ್ತಾರೆ. ರಡ್ಯಾರ್ಡ್ ಕಿಪ್ಲಿಂಗ್, ಆರ್ಥರ್ ಕಾನನ್ ಡಾಯ್ಲ್ ಮುಂತಾದವರ ವ್ಯವಹಾರವನ್ನು ನೋಡಿಕೊಂಡವರು ಇವರು. ಅಂದು ಏಜೆಂಟರ ಕಮಿಷನ್ ನೂರಕ್ಕೆ 10ರಷ್ಟಿತ್ತು. ಇಂದು ಅಮೆರಿಕ, ಇಂಗ್ಲೆಂಡುಗಳಲ್ಲಿ ಸ್ವದೇಶದ ಮಾರಾಟಕ್ಕೆ ಸಾಮಾನ್ಯವಾಗಿ ನೂರಕ್ಕೆ 15, ವಿದೇಶೀ ಹಕ್ಕುಗಳ ಮಾರಾಟಕ್ಕೆ ನೂರಕ್ಕೆ 20.

ಅಲ್ಲಿನ ದೊಡ್ಡ ಪ್ರಕಾಶನ ಸಂಸ್ಥೆಗಳಲ್ಲಿ ಹೆಚ್ಚಿನವು ಹೊಸ ಲೇಖಕರಿಂದ ಹಸ್ತಪ್ರತಿಯನ್ನು ನೇರವಾಗಿ ತೆಗೆದುಕೊಳ್ಳುವುದಿಲ್ಲ. ರಾಶಿ ರಾಶಿ ಬರುವ ಹಸ್ತಪ್ರತಿಗಳನ್ನು ಜರಡಿ ಹಿಡಿಯುವ ಕೆಲಸ ಏಜೆಂಟರ ಪಾಲಿಗೆ ಬಂದಿದೆ. ಆದ್ದರಿಂದಲೇ ಆ ದೇಶಗಳಲ್ಲಿ ಹೊಸಬರಿಗೆ ಏಜೆಂಟ್ ಬಹುಮಟ್ಟಿಗೆ ಅನಿವಾರ್ಯ.

ಹಣ ಯಾವ ಕಡೆಗೆ ಹರಿಯಬೇಕು?

ಇಲ್ಲಿ ಒಂದು ಚಿಕ್ಕ ಲೆಕ್ಕ ಮಾಡೋಣ. ಇದು ತಿಳಿವಳಿಕೆಗಾಗಿ ಹಾಕಿಕೊಂಡ ಅಂಕಿಗಳು ಮಾತ್ರ. ಒಂದು ಚಿತ್ರಪುಸ್ತಕದ ಬೆಲೆ ರೂ. 200, ರಾಯಧನ ನೂರಕ್ಕೆ 10 ಎಂದಿಟ್ಟುಕೊಳ್ಳಿ. ಪ್ರತಿಯೊಂದಕ್ಕೆ ರೂ. 20. ಚಿತ್ರಪುಸ್ತಕದಲ್ಲಿ ಬರೆದವರೂ ಚಿತ್ರ ಬಿಡಿಸಿದವರೂ ಸಮಪಾಲುದಾರರಾದರೆ ನಿಮ್ಮ ಪಾಲಿಗೆ ರೂ. 10. ಎರಡು ಸಾವಿರ ಪ್ರತಿ ಮಾರಾಟವಾದರೆ ನಿಮಗೆ ರೂ. 20,000. ಅದರಲ್ಲಿ ನೂರಕ್ಕೆ 15ರಂತೆ ಏಜೆಂಟರಿಗೆ ರೂ. 3,000 ಹೋಗಿ, ನಿಮ್ಮ ಕೈಗೆ ರೂ. 17,000 ಬರುತ್ತದೆ.

ಈ ಲೆಕ್ಕದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು: ಪ್ರಾಮಾಣಿಕ ಏಜೆಂಟರಿಗೆ ರೂ. 3,000 ಸಿಗಬೇಕಾದರೆ ನಿಮಗೆ ಮೊದಲು ರೂ. 20,000 ಹುಟ್ಟಬೇಕು. ಆದ್ದರಿಂದ ಮಾರಾಟವಾಗದ ಕಥೆಯನ್ನು ಅವರು ಹೊತ್ತು ತಿರುಗುವುದಿಲ್ಲ. ಕಥೆಯನ್ನು ಓದುವ ಮೊದಲೇ ರೂ. 18,000 ಪಡೆದವರಿಗೋ? ಅವರ ಸಂಪಾದನೆ ಅಲ್ಲಿಗೇ ಮುಗಿಯಿತು. ನಿಮ್ಮ ಕಪ್ಪೆ ಟ್ಯಾಂಕಿನಿಂದ ಹೊರಬಂದರೂ ಸರಿ, ಬಾರದಿದ್ದರೂ ಸರಿ, ಅವರಿಗೆ ಲಾಭ ನಷ್ಟ ಏನೂ ಇಲ್ಲ. ಹಸ್ತಪ್ರತಿ ಓದಲು ಶುಲ್ಕ ಪಡೆಯಬಾರದೆಂಬುದು ಅಮೆರಿಕ, ಇಂಗ್ಲೆಂಡುಗಳ ಏಜೆಂಟರಲ್ಲಿ ಬಹುಕಾಲದಿಂದ ಬಂದಿರುವ ವೃತ್ತಿಧರ್ಮ. ಹಣ ಪ್ರಕಾಶಕರಿಂದ ಲೇಖಕರ ಕಡೆಗೆ ಹರಿಯಬೇಕು. ಅದು ತಿರುಗಿ ಹರಿಯುತ್ತಿದೆ ಎಂದರೆ ಎಲ್ಲೋ ಮೋಸವಿದೆ ಎಂದು ತಿಳಿಯಿರಿ.

ಎರಡನೆಯದು: ಕನ್ನಡದ ಮಕ್ಕಳ ಪುಸ್ತಕಕ್ಕೆ ಏಜೆಂಟರು ಏಕೆ ಕಾಣಿಸುವುದಿಲ್ಲ ಎಂಬುದಕ್ಕೂ ಉತ್ತರ ಈ ಲೆಕ್ಕದಲ್ಲಿಯೇ ಇದೆ. ಪುಸ್ತಕವೊಂದಕ್ಕೆ ಮೂರು ಸಾವಿರ ರೂಪಾಯಿ ಸಿಕ್ಕರೆ ಒಂದು ಕಚೇರಿ ನಡೆಸಿ, ಸಂಸಾರ ಸಾಕಲು ವರ್ಷಕ್ಕೆ ಎಷ್ಟು ಪುಸ್ತಕ ಮಾರಬೇಕು, ನೀವೇ ಗುಣಿಸಿ ನೋಡಿ. ಭಾರತದಲ್ಲಿ ಏಜೆಂಟರು ಇಲ್ಲವೆಂದಲ್ಲ. ಕೆಲವರಿದ್ದಾರೆ, ಆದರೆ ಅವರ ವ್ಯವಹಾರ ಬಹುಪಾಲು ಇಂಗ್ಲಿಷ್ ಪುಸ್ತಕಗಳದು.

ಚಿತ್ರಪುಸ್ತಕದ ಅಂಗರಚನೆ

ಏಜೆಂಟರಿಗೇ ಕಳುಹಿಸಿ, ಪ್ರಕಾಶಕರಿಗೇ ಕಳುಹಿಸಿ, ಮೊದಲು ಕಥೆ ಚಿತ್ರಪುಸ್ತಕದ ಅಳತೆಗೆ ಬಂದಿರಬೇಕು. ಒಂದು ಪ್ರಯೋಗ ಮಾಡಿ. ಎಂಟು ಬಿಳಿ ಹಾಳೆಗಳನ್ನು ಒಟ್ಟಿಗೆ ಇಟ್ಟು ನಡುವೆ ಮಡಿಸಿ. ಈಗ ನಿಮ್ಮ ಕೈಯಲ್ಲಿರುವುದು 32 ಪುಟಗಳ ಪುಟ್ಟ ಪುಸ್ತಕ. ಹೆಚ್ಚಿನ ಚಿತ್ರಪುಸ್ತಕಗಳ ಪುಟಸಂಖ್ಯೆಯೂ ಇಷ್ಟೇ. ಕಾರಣ ಸರಳ: ಮುದ್ರಣಯಂತ್ರದಲ್ಲಿ ದೊಡ್ಡ ಹಾಳೆಯ ಎರಡೂ ಬದಿಗೆ ಅಚ್ಚುಮಾಡಿ ಮಡಿಸುತ್ತಾರೆ. ಪ್ರತಿ ಮಡಿಕೆಗೂ ಪುಟಗಳು ಇಮ್ಮಡಿಯಾಗುವುದರಿಂದ 8, 16, 32 ಎಂಬ ಲೆಕ್ಕದಲ್ಲಿಯೇ ಪುಸ್ತಕ ಸಿದ್ಧವಾಗುತ್ತದೆ.

ಈ 32ರಲ್ಲಿ ಶೀರ್ಷಿಕೆ, ಪ್ರಕಾಶನದ ವಿವರ ಮುಂತಾದವನ್ನು ಕಳೆದರೆ ಕಥೆಗೆ ಉಳಿಯುವುದು 12ರಿಂದ 14 ಜೋಡಿಪುಟಗಳು ಮಾತ್ರ. ಇಂದು ಇಂಗ್ಲಿಷ್ ಚಿತ್ರಪುಸ್ತಕದ ಕಥೆ ಐನೂರು ಆರುನೂರು ಪದ ದಾಟುವುದು ಕಡಿಮೆ. ಅಮೆರಿಕದ ಮಾರಿಸ್ ಸೆಂಡಾಕ್ 1963ರಲ್ಲಿ ಹೊರತಂದ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' ಪುಸ್ತಕದಲ್ಲಿ ಇರುವುದು ಸುಮಾರು 340 ಪದಗಳು. ಕನ್ನಡದಲ್ಲಿ ಎಣಿಕೆ ಇನ್ನೂ ಇಳಿಯುತ್ತದೆ. ನಾವು 'ಮನೆಯಲ್ಲಿ' ಎಂದು ಒಂದೇ ಪದದಲ್ಲಿ ಹೇಳುವುದನ್ನು ಇಂಗ್ಲಿಷಿನವರು 'ಇನ್ ದ ಹೌಸ್' ಎಂದು ಮೂರು ಪದಗಳಲ್ಲಿ ಹೇಳಬೇಕಲ್ಲವೆ?

ಪದ ಕಡಿಮೆ ಮಾಡುವುದು ಹೇಗೆ? ಚಿತ್ರ ಹೇಳುವುದನ್ನು ಮಾತು ಹೇಳಬಾರದು. "ಅಜ್ಜಿ ಕನ್ನಡಕ ಹುಡುಕಿದಳು. ಮಂಚದ ಕೆಳಗೂ ಇಲ್ಲ, ದೇವರ ಮನೆಯಲ್ಲೂ ಇಲ್ಲ" ಎಂದು ನೀವು ಬರೆಯಿರಿ. ಕನ್ನಡಕ ಅಜ್ಜಿಯ ತಲೆಯ ಮೇಲೆಯೇ ಇರುವುದನ್ನು ಚಿತ್ರ ತೋರಿಸಲಿ. ಅಜ್ಜಿಗೆ ತಿಳಿಯದ್ದು ಮಗುವಿಗೆ ತಿಳಿಯಿತು. ಮಗು ನಗುವುದು ಅಲ್ಲಿಯೇ.

"ನನಗೆ ಚಿತ್ರ ಬಿಡಿಸಲು ಬರುವುದಿಲ್ಲವಲ್ಲ!" ಎಂದು ಅನೇಕರು ಹಿಂಜರಿಯುತ್ತಾರೆ. ಚಿಂತೆ ಬೇಡ. ಸಾಮಾನ್ಯವಾಗಿ ಕಲಾವಿದರನ್ನು ಆರಿಸುವವರು ಪ್ರಕಾಶಕರೇ. ಬರಹಗಾರರು ತಾವೇ ದುಡ್ಡು ಕೊಟ್ಟು ಚಿತ್ರ ಬರೆಸಿ ಕಳುಹಿಸುವ ಅಗತ್ಯವಿಲ್ಲ. ಮಾತಿನಲ್ಲಿ ಇಲ್ಲದ, ಆದರೆ ಕಥೆಗೆ ಅಗತ್ಯವಾದ ಸಂಗತಿ ಚಿತ್ರದಲ್ಲಿ ಬರಬೇಕಾದಾಗ ಮಾತ್ರ ಆವರಣದಲ್ಲಿ ಒಂದು ಸಾಲಿನ ಸೂಚನೆ ಕೊಡಿ.

ವಿದೇಶದ ಏಜೆಂಟರಿಗೆ ಬರೆಯುವ ಕ್ರಮ

ನಿಮ್ಮಲ್ಲಿ ಕೆಲವರು ಇಂಗ್ಲಿಷಿನಲ್ಲಿಯೂ ಬರೆಯುತ್ತೀರಿ. ಅಮೆರಿಕ, ಇಂಗ್ಲೆಂಡುಗಳ ಮಾರುಕಟ್ಟೆಯತ್ತ ಕಣ್ಣಿದ್ದರೆ ಈ ಕ್ರಮವನ್ನು ತಿಳಿದಿರಿ. ಅಲ್ಲಿನ ಏಜೆಂಟರು ಓದುವುದು ಇಂಗ್ಲಿಷ್ ಹಸ್ತಪ್ರತಿಯನ್ನು ಮಾತ್ರ ಎಂಬುದು ಮೊದಲೇ ನೆನಪಿರಲಿ.

ಒಂದೇ ಕಥೆ ಸಾಲದು. ತಿದ್ದಿ ಮುಗಿಸಿದ ಕಥೆಗಳು ಕನಿಷ್ಠ ಮೂರಾದರೂ ಕೈಯಲ್ಲಿರಲಿ. ಚಿತ್ರಪುಸ್ತಕ ಚಿಕ್ಕದಾದ್ದರಿಂದ, ಮೊದಲನೆಯದು ಹಿಡಿಸಿದ ಕೂಡಲೇ ಏಜೆಂಟರು ಕೇಳುವ ಪ್ರಶ್ನೆ, "ಇನ್ನೇನು ಬರೆದಿದ್ದೀರಿ?" ಎಂದು. ಅವರಿಗೆ ಬೇಕಾದದ್ದು ಒಂದು ಪುಸ್ತಕಕ್ಕಿಂತ ಹೆಚ್ಚಾಗಿ, ಹತ್ತಾರು ವರ್ಷ ಬರೆಯುವ ಒಬ್ಬ ಲೇಖಕ.

ಅನಂತರ ಪಟ್ಟಿ ಮಾಡಿಕೊಳ್ಳಿ. ಏಜೆಂಟರೆಲ್ಲರೂ ಎಲ್ಲ ಬಗೆಯ ಪುಸ್ತಕಗಳನ್ನೂ ನೋಡುವುದಿಲ್ಲ. ಪತ್ತೇದಾರಿ ಕಾದಂಬರಿ ಮಾರುವವರಿಗೆ ಕಪ್ಪೆಯ ಕಥೆ ಕಳುಹಿಸಿ ಪ್ರಯೋಜನವಿಲ್ಲ. ಪ್ರತಿಯೊಬ್ಬರೂ ತಮಗೆ ಬೇಕಾದದ್ದು ಯಾವುದು, ಈಗ ಹಸ್ತಪ್ರತಿ ಸ್ವೀಕರಿಸುತ್ತಿದ್ದಾರೆಯೇ ಎಂಬುದನ್ನು ತಮ್ಮ ಅಂತರಜಾಲ ತಾಣದಲ್ಲಿ ತಿಳಿಸಿರುತ್ತಾರೆ. 1971ರಲ್ಲಿ ಅಮೆರಿಕದಲ್ಲಿ ಆರಂಭವಾದ ಮಕ್ಕಳ ಪುಸ್ತಕಗಳ ಲೇಖಕರ ಹಾಗೂ ಚಿತ್ರಕಾರರ ಸಂಘವೂ ತನ್ನ ಸದಸ್ಯರಿಗೆ ಇಂಥ ಮಾಹಿತಿ ಒದಗಿಸುತ್ತದೆ.

ಮೂರನೆಯದು ಪತ್ರ. ಒಂದು ಪುಟ ಮೀರಬಾರದು. ಆ ಏಜೆಂಟರಿಗೇ ಏಕೆ ಬರೆಯುತ್ತಿದ್ದೀರಿ ಎಂಬುದು ಒಂದು ವಾಕ್ಯ. ಕಥೆಯ ತಿರುಳು ಎರಡು ಮೂರು ವಾಕ್ಯ. ಎಷ್ಟು ಪದ, ಯಾವ ವಯಸ್ಸಿನವರಿಗೆ. ಇತ್ತೀಚೆಗೆ ಬಂದ ಯಾವ ಪುಸ್ತಕಗಳ ಓದುಗರು ಇದನ್ನೂ ಮೆಚ್ಚಬಹುದು. ಕೊನೆಗೆ ನಿಮ್ಮ ಬಗ್ಗೆ ಎರಡು ಮಾತು. "ನನ್ನ ತಮ್ಮನಿಗೆ ತುಂಬ ಇಷ್ಟವಾಯಿತು" ಎಂದು ಬರೆಯಬೇಡಿ. ತಮ್ಮಂದಿರಿಗೆ ಇಷ್ಟವಾಗಲೇಬೇಕಲ್ಲ! ಚಿತ್ರಪುಸ್ತಕವಾದರೆ ಸಾಮಾನ್ಯವಾಗಿ ಪೂರ್ತಿ ಕಥೆಯನ್ನೇ ಪತ್ರದ ಕೆಳಗೆ ಸೇರಿಸಲು ಹೇಳುತ್ತಾರೆ. ಅವರು ಹೇಳಿದ ನಿಯಮವನ್ನು ಅಕ್ಷರಶಃ ಪಾಲಿಸಿ. ಮಕ್ಕಳ ಕಾರ್ಯಕ್ರಮಗಳಿಗೆ ಬರುವ ಸ್ಕ್ರಿಪ್ಟುಗಳನ್ನು ಓದುವುದು ನನ್ನ ಕೆಲಸದ ಭಾಗ. ಹತ್ತು ನಿಮಿಷದ ನಾಟಕ ಕೇಳಿದರೆ ನಲವತ್ತು ಪುಟ ಕಳುಹಿಸುವವರಿದ್ದಾರೆ. ಮೇಜಿನ ಈ ಬದಿಯಲ್ಲಿ ಕುಳಿತವರಿಗೆ ಅದರಿಂದ ತಿಳಿಯುವುದು ಒಂದೇ: ಇವರು ಹೇಳಿದ್ದನ್ನು ಕೇಳುವವರಲ್ಲ.

ನಾಲ್ಕನೆಯದು ಕಾಯುವುದು. ಒಮ್ಮೆಗೆ ಐದಾರು ಮಂದಿಗೆ ಕಳುಹಿಸುವುದು ಅಲ್ಲಿ ರೂಢಿಯಲ್ಲಿದೆ, ತಪ್ಪಲ್ಲ. ಯಾರಿಗೆ ಯಾವ ತಾರೀಖು ಕಳುಹಿಸಿದಿರಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಉತ್ತರಕ್ಕೆ ವಾರಗಳಲ್ಲ, ತಿಂಗಳುಗಳೇ ಹಿಡಿಯಬಹುದು. ಅನೇಕರು ಉತ್ತರಿಸುವುದೇ ಇಲ್ಲ. ಎಲ್ಲ ಕಡೆಯಿಂದಲೂ ನಿರಾಕರಣೆ ಬಂದರೆ ಮುಂದಿನ ಐದಾರು ಮಂದಿಗೆ ಕಳುಹಿಸುವ ಮೊದಲು ಪತ್ರವನ್ನೂ ಕಥೆಯನ್ನೂ ಮತ್ತೊಮ್ಮೆ ತಿದ್ದಿ.

ಯಾರಾದರೂ ಒಪ್ಪಿದರೆ? ಸಂತೋಷದಲ್ಲಿ ಕೂಡಲೇ ಸಹಿ ಹಾಕಬೇಡಿ. ಹಿಂದೆ ಯಾವ ಚಿತ್ರಪುಸ್ತಕಗಳನ್ನು ಮಾರಿದ್ದಾರೆ, ಕಮಿಷನ್ ಎಷ್ಟು, ಕಥೆಯನ್ನು ಯಾವ ಪ್ರಕಾಶಕರಿಗೆ ತೋರಿಸಲಿದ್ದಾರೆ, ಇಬ್ಬರಿಗೂ ಹೊಂದದಿದ್ದರೆ ಬೇರೆಯಾಗುವುದು ಹೇಗೆ ಎಂದು ಕೇಳಿ. ಒಳ್ಳೆಯ ಏಜೆಂಟರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಕಥೆಯನ್ನು ತಿದ್ದಲು ಹೇಳಿದರೆ ನೀವೂ ಬೇಸರಿಸಬೇಡಿ. ಎರಿಕ್ ಕಾರ್ಲ್ ಅವರ 1969ರ 'ದ ವೆರಿ ಹಂಗ್ರಿ ಕ್ಯಾಟರ್ಪಿಲ್ಲರ್' ಜಗತ್ತಿನಾದ್ಯಂತ ಮಕ್ಕಳು ಓದಿದ ಪುಸ್ತಕ. ಅದರ ಮೊದಲ ಕರಡಿನಲ್ಲಿ ಕಂಬಳಿಹುಳು ಇರಲಿಲ್ಲ, ಪುಸ್ತಕ ಕೊರೆಯುವ ಒಂದು ಹುಳು ಇತ್ತು. ಕಂಬಳಿಹುಳು ಆಗಬಹುದಲ್ಲ ಎಂದು ಸೂಚಿಸಿದವರು ಸಂಪಾದಕಿ. ಕಂಬಳಿಹುಳು ಬಂದದ್ದರಿಂದಲೇ ಕೊನೆಯ ಪುಟದಲ್ಲಿ ಚಿಟ್ಟೆ ಬಂತು.

ನಮ್ಮ ದೇಶದಲ್ಲಿ ದಾರಿ ನೇರ

ಕನ್ನಡದಲ್ಲಿ ಬರೆಯುವ ನೀವು ಏಜೆಂಟರಿಲ್ಲವೆಂದು ಕೊರಗಬೇಕಾಗಿಲ್ಲ. ಇಲ್ಲಿ ಪ್ರಕಾಶಕರಿಗೆ ನೇರವಾಗಿ ಬರೆಯುವುದೇ ರೂಢಿ. ಮಕ್ಕಳ ಪುಸ್ತಕಗಳನ್ನು ಹೊರತರುವ ಕನ್ನಡದ ಪ್ರಕಾಶನಗಳಿವೆ. 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡವೂ ಸೇರಿದಂತೆ ಅನೇಕ ಭಾರತೀಯ ಭಾಷೆಗಳಲ್ಲಿ ಮಕ್ಕಳ ಪುಸ್ತಕ ಪ್ರಕಟಿಸುತ್ತದೆ. 1996ರಲ್ಲಿ ಆರಂಭವಾದ ಚೆನ್ನೈನ ತೂಲಿಕಾ ಚಿತ್ರಪುಸ್ತಕಗಳನ್ನು ಕನ್ನಡವೂ ಸೇರಿ ಒಂಬತ್ತು ಭಾಷೆಗಳಲ್ಲಿ ತರುತ್ತ ಬಂದಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಲ್ಲಿ ಹುಟ್ಟಿದ ಲಾಭರಹಿತ ಸಂಸ್ಥೆ. ಹಸ್ತಪ್ರತಿ ಸ್ವೀಕರಿಸುವ ಸಮಯ ಮತ್ತು ನಿಯಮ ಒಂದೊಂದು ಕಡೆ ಒಂದೊಂದು ರೀತಿ. ಆಗಾಗ ಬದಲಾಗುವುದೂ ಉಂಟು. ಕಳುಹಿಸುವ ಮುನ್ನ ಅವರವರ ತಾಣದಲ್ಲಿ ನೋಡಿಕೊಳ್ಳಿ. ಮೇಲೆ ಹೇಳಿದ ಒಂದು ಪುಟದ ಪತ್ರ ಇಲ್ಲಿಯೂ ನಡೆಯುತ್ತದೆ.

ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ತಾಣದ ಕಥೆಗಳು ಮುಕ್ತ ಪರವಾನಗಿಯವು. ನಿಮ್ಮ ಹೆಸರು ಹೇಳಿ ಯಾರು ಬೇಕಾದರೂ ಅಂಥ ಕಥೆಯನ್ನು ಬಳಸಬಹುದು, ಅನುವಾದಿಸಬಹುದು. ಕಥೆ ಬೇಗ ಬಹಳ ಮಕ್ಕಳನ್ನು ಮುಟ್ಟಬೇಕೆಂದರೆ ಇದು ಒಳ್ಳೆಯ ದಾರಿ. ಆದರೆ ಮುಂದೆ ಅದೇ ಕಥೆಯ ಹಕ್ಕನ್ನು ಒಬ್ಬರಿಗೇ ಮಾರುವ ಆಸೆ ಇದ್ದರೆ, ಮುಕ್ತವಾಗಿ ಬಿಡುವ ಮೊದಲು ಯೋಚಿಸಿ.

ಕನ್ನಡದ ಪುಸ್ತಕ ವಿದೇಶಕ್ಕೆ ಹೋಗಲಾರದೇ? ಹೋಗಬಹುದು. ಪ್ರಕಾಶಕರು ಅನುವಾದದ ಹಕ್ಕುಗಳನ್ನು ಮಾರುವ ಮೂಲಕ ಹೋಗುತ್ತದೆ. 1964ರಿಂದ ಇಟಲಿಯ ಬೊಲೋನ್ಯಾ ನಗರದಲ್ಲಿ ನಡೆಯುವ ಮಕ್ಕಳ ಪುಸ್ತಕ ಮೇಳ ಇಂಥ ವ್ಯವಹಾರದ ದೊಡ್ಡ ಸಂತೆ.

ಸಹಿ ಹಾಕುವ ಮುನ್ನ

ಏಜೆಂಟ್ ಇದ್ದರೆ ಕರಾರನ್ನು ಅವರು ಓದುತ್ತಾರೆ. ಇಲ್ಲದಿದ್ದರೆ ಓದಬೇಕಾದವರು ನೀವೇ. ಈ ಮಾತನ್ನು ನನ್ನ ಅನುಭವದಿಂದ ಹೇಳುತ್ತಿದ್ದೇನೆ. ಕಾಲೇಜಿನ ದಿನಗಳಲ್ಲಿ ಮಕ್ಕಳಿಗಾಗಿ ನಕ್ಷತ್ರಗಳ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದು, ಐನೂರು ರೂಪಾಯಿಗೆ ಒಂದು ಕಾಗದಕ್ಕೆ ಸಹಿ ಹಾಕಿ ಕೊಟ್ಟೆ. ಕಾಗದವನ್ನು ಓದಲಿಲ್ಲ. ಅದೇ ಪುಸ್ತಕ ಮತ್ತೆ ಮತ್ತೆ ಅಚ್ಚಾದಾಗ ಕೇಳಲು ಹೋದೆ. "ಎಲ್ಲ ಹಕ್ಕುಗಳನ್ನೂ ಶಾಶ್ವತವಾಗಿ ಬಿಟ್ಟುಕೊಟ್ಟಿದ್ದೀರಿ" ಎಂದು ನನ್ನ ಸಹಿಯನ್ನೇ ತೋರಿಸಿದರು. ನಾನು ಮಾತಿಲ್ಲದೆ ಬಸ್ಸು ಹತ್ತಿ ಊರಿಗೆ ಬಂದೆ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬರೆದ ಕ್ಷಣದಲ್ಲಿಯೇ ಕೃತಿಯ ಹಕ್ಕು ನಿಮ್ಮದಾಗುತ್ತದೆ. ನೋಂದಣಿ ಕಡ್ಡಾಯವಲ್ಲ. ಹಕ್ಕನ್ನು ವರ್ಗಾಯಿಸಬೇಕಾದರೆ ಬರವಣಿಗೆಯಲ್ಲಿ ನಿಮ್ಮ ಸಹಿ ಇರಲೇಬೇಕು. ಎಷ್ಟು ಕಾಲಕ್ಕೆ ಎಂದು ಕರಾರಿನಲ್ಲಿ ಹೇಳದಿದ್ದರೆ ಐದು ವರ್ಷ ಎಂದೂ, ಯಾವ ಪ್ರದೇಶಕ್ಕೆ ಎಂದು ಹೇಳದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯ್ದೆ ಭಾವಿಸುತ್ತದೆ. ಆದ್ದರಿಂದ ನಾಲ್ಕು ಸಂಗತಿಗಳನ್ನು ಹುಡುಕಿ ಓದಿ: ಯಾವ ಭಾಷೆಗಳ ಹಕ್ಕು, ಯಾವ ಪ್ರದೇಶ, ಎಷ್ಟು ವರ್ಷ, ಎಷ್ಟು ಹಣ. 'ಶಾಶ್ವತವಾಗಿ', 'ಎಲ್ಲ ಹಕ್ಕುಗಳೂ' ಎಂಬ ಮಾತು ಕಂಡರೆ ಪೆನ್ನು ಕೆಳಗಿಟ್ಟು ತಿಳಿದವರನ್ನು ಕೇಳಿ. ಹದಿನೆಂಟು ತುಂಬದವರ ಪರವಾಗಿ ತಂದೆ ತಾಯಿ ಅಥವಾ ಪೋಷಕರು ಕರಾರಿಗೆ ಸಹಿ ಮಾಡಬೇಕಾಗುತ್ತದೆ ಎಂಬುದೂ ನೆನಪಿರಲಿ.

ಸ್ವಂತ ಖರ್ಚಿನಲ್ಲಿ ಅಚ್ಚು ಮಾಡಿಸಿದರೆ ತಪ್ಪೇ?

ತಪ್ಪಲ್ಲ. ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಅವರು 1893ರಲ್ಲಿ ಕಾಯಿಲೆ ಬಿದ್ದಿದ್ದ ಒಬ್ಬ ಹುಡುಗನಿಗೆ ಚಿತ್ರಗಳೊಂದಿಗೆ ಪತ್ರ ಬರೆದು ಮೊಲದ ಕಥೆ ಹೇಳಿದರು. ಮುಂದೆ ಅದನ್ನು ಪುಸ್ತಕವಾಗಿಸಲು ಹೊರಟಾಗ ಹಲವು ಪ್ರಕಾಶಕರು ನಿರಾಕರಿಸಿದರು. 1901ರ ಡಿಸೆಂಬರಿನಲ್ಲಿ ಆಕೆ ತಮ್ಮದೇ ಹಣದಿಂದ 250 ಪ್ರತಿ ಅಚ್ಚು ಹಾಕಿಸಿದರು. ಮರುವರ್ಷವೇ ಫ್ರೆಡರಿಕ್ ವಾರ್ನ್ ಸಂಸ್ಥೆ ಅದನ್ನು ಪ್ರಕಟಿಸಿತು. ಅದೇ 'ಪೀಟರ್ ರ್ಯಾಬಿಟ್'.

ಇಲ್ಲಿ ಒಂದು ಅಂಶ ಗಮನಿಸಿ. ಪಾಟರ್ ಹಣ ಕೊಟ್ಟದ್ದು ಮುದ್ರಕನಿಗೆ. ಬದಲಿಗೆ 250 ಪುಸ್ತಕಗಳು ಕೈಗೆ ಬಂದವು, ಹಕ್ಕು ಅವರಲ್ಲಿಯೇ ಉಳಿಯಿತು. ನಮ್ಮ ವಿದ್ಯಾರ್ಥಿನಿ ಕೊಡಲಿದ್ದ ರೂ. 18,000ಕ್ಕೆ ಬದಲಾಗಿ ಬರುತ್ತಿದ್ದುದು ಒಂದು ಆಶ್ವಾಸನೆ ಮಾತ್ರ.

ಆದ್ದರಿಂದ, ಫೋನ್ ಮಾಡಿದ ತಂಗಿ, ನಿಮಗೂ ನಿಮ್ಮಂಥವರಿಗೂ ನನ್ನ ಮಾತು ಇಷ್ಟು. ಅಮ್ಮ ಸಂಘದಲ್ಲಿ ಸಾಲ ಮಾಡುವುದು ಬೇಡ. ಎಂಟು ಹಾಳೆಗಳನ್ನು ಮಡಿಸಿ, ಕಥೆಯನ್ನು ಪುಟ ಪುಟವಾಗಿ ಹಂಚಿ ಬರೆಯಿರಿ. ಹತ್ತಿರದ ಅಂಗನವಾಡಿಗೆ ಹೋಗಿ, ಟೀಚರ್ ಅನುಮತಿ ಪಡೆದು ಮಕ್ಕಳಿಗೆ ಓದಿ ಹೇಳಿ. ಮಕ್ಕಳು ಕಿಟಕಿಯ ಕಡೆ ನೋಡಲು ಆರಂಭಿಸಿದ ಪುಟದ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ. ಮನೆಗೆ ಬಂದು ಆ ಪುಟವನ್ನು ತಿದ್ದಿ. ಹೀಗೆ ಎರಡು ಮೂರು ಬಾರಿ ಮಾಡಿದ ಮೇಲೆ ಒಂದು ಪುಟದ ಪತ್ರ ಬರೆದು ಪ್ರಕಾಶಕರಿಗೆ ಕಳುಹಿಸಿ. ಉತ್ತರಕ್ಕೆ ಕಾಯುತ್ತಿರುವಾಗ ಎರಡನೆಯ ಕಥೆ ಶುರುಮಾಡಿ.

ಕಪ್ಪೆ ಟ್ಯಾಂಕಿನಿಂದ ಹೊರಬಂದ ಬಗೆ ಹೇಗೆ ಎಂದು ಅಂದು ಕೇಳಲು ಸಮಯವಿರಲಿಲ್ಲ. ಪುಸ್ತಕ ಬಂದಾಗ ನಮಗೊಂದು ಪ್ರತಿ ಕಳುಹಿಸಿ, ಓದಿ ತಿಳಿದುಕೊಳ್ಳುತ್ತೇವೆ.